ಒಳಕ್ಕೆ ವಾಲಿದ ಗೋಡೆ

ಭೂಕಂಪದಲ್ಲಿ ಬಿರುಕುಬಿಟ್ಟ, ಪೆರು ದೇಶದ ಪಾದ್ರಿಗಳು ನಡೆಸುವ ಹಳೆಯ ಮಕ್ಕಳ ಶಾಲೆಯೊಂದರ ದುರಸ್ತಿ ನಕ್ಷೆಯನ್ನು ನಾನು ಸಾವಿರಾರು ಮೈಲಿ ದೂರದ ಬಾಕ್ಸ್ ಹಿಲ್‌ನ ಆಫೀಸಿನಲ್ಲಿ ಫೋಟೋ ನೋಡಿ ಬಿಡಿಸುತ್ತಿದ್ದೆ. ಸ್ಪೇನಿನವರು ಅದನ್ನು ಇಂಕಾ ಜನರ ಕಲ್ಲುಗೋಡೆಗಳ ಮೇಲೆ ಕಟ್ಟಿದ್ದರು. ಆ ಗೋಡೆಗಳು ಒಳಕ್ಕೆ ವಾಲಿದ್ದವು. ಕ್ಯಾಮೆರಾದ ದೋಷವೆಂದುಕೊಂಡು, ಅಭ್ಯಾಸಬಲದಿಂದ ನಕ್ಷೆಯಲ್ಲಿ ಎಲ್ಲವನ್ನೂ ನೆಟ್ಟಗೆ ಮಾಡಿದೆ.

ಆ ಶಾಲೆಯಿರುವ ಊರಿನಲ್ಲೇ ಹುಟ್ಟಿದ ನನ್ನ ಸಹೋದ್ಯೋಗಿ ಸ್ಕ್ರೀನ್ ನೋಡಿ ನಕ್ಕರು. "ನಮ್ಮಜ್ಜಂದಿರ ಹತ್ರ ಗೋಡೆ ನೆಟ್ಟಗಿದೆಯಾ ನೋಡೋ ತೂಗುಗುಂಡು ಇರ್ಲಿಲ್ಲ ಅಂದ್ಕೊಂಡ್ರಾ?" ಆಮೇಲೆ ನಗು ನಿಂತಿತು. "ವಾಲಿರೋದಕ್ಕೇ ಅದು ನಿಂತಿದೆ. ನಿಮ್ಮ ಈ ನಕ್ಷೆ ನಂಬಿ ಮೇಸ್ತ್ರಿಗಳು ಕಲ್ಲು ಬಿಚ್ಚಿ ನೆಟ್ಟಗೆ ಕಟ್ತಾರೆ. ಮತ್ತೆ ನೆಲ ನಡುಗಿದರೆ ಮಕ್ಕಳ ಮೇಲೇ ಬೀಳುತ್ತೆ."

ನಕ್ಷೆಯನ್ನು ಅಂದು ಮಧ್ಯಾಹ್ನವೇ ಕಳಿಸಬೇಕಿತ್ತು. ತಪ್ಪು ನನ್ನದೆಂದೂ ಇನ್ನೆರಡು ದಿನ ಬೇಕೆಂದೂ ಮ್ಯಾನೇಜರಿಗೆ ಬರೆದು, ಮೊದಲ ಗೋಡೆಯಿಂದ ಮತ್ತೆ ಅಳೆಯತೊಡಗಿದೆ. ಸಹೋದ್ಯೋಗಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.