ಹಿಂದೆ ನಡೆಯುವವಳ ಕೂಲಿ

ಅಕ್ಕನಿಗೆ ಒಂದು ಚಳಿಗಾಲದ ಕೂಲಿ ಇನ್ನೂ ಬರಬೇಕಿದೆ. ಕೊಡಬೇಕಾದವರು ಬಡವರೇನಲ್ಲ. ಅವರ ಮುಂಬಾಗಿಲಿನ ಹಿತ್ತಾಳೆ ಹಿಡಿಯನ್ನು ಉಜ್ಜುವುದಕ್ಕೇ ದಿನಾ ಒಬ್ಬ ಬರುತ್ತಾನೆ. ಅದೊಂದು ವಿಶ್ವವಿದ್ಯಾಲಯ. ದೂರದ ದೇಶಗಳಿಂದ ಓದಲು ಬರುವ ಹೊಸಬರನ್ನು ದಡ ಮುಟ್ಟಿಸುವುದಕ್ಕೆ, ಹಿಂದೆ ಹಾಗೇ ಬಂದು ಮುಳುಗದೆ ಉಳಿದ ಹಳಬರನ್ನು ಅಲ್ಲಿ ನೇಮಿಸುತ್ತಾರೆ. 'ಜೊತೆಗಾರರು' ಅಂತ ಅವರಿಗೆ ಹೆಸರು. ನೇಮಿಸುವಾಗ ಗಂಟೆಗಿಷ್ಟು ಅಂದರು. ಕೂಲಿ ಕೇಳಿದಾಗ, ಇದು ಸೇವೆ, ಸೇವೆಗೆಲ್ಲಿಯ ಸಂಬಳ ಅಂದರು. ಸೇವೆ ಅನ್ನುವ ಮಾತು ಯಾವಾಗಲೂ ಮಾಡಿಸಿಕೊಳ್ಳುವವರ ಬಾಯಿಂದಲೇ ಬರುತ್ತದೆ. ಮಾಡುವವರಿಗೆ ಮಾತಾಡಲು ಪುರುಸೊತ್ತೆಲ್ಲಿ?

ಅಕ್ಕ ಅನ್ನುವುದು ಅವಳ ಹೆಸರಲ್ಲ. ಮನೆಯಲ್ಲಿ ಕೆಳಗೆ ತಮ್ಮಂದಿರು, ತಂಗಿ. ಬುದ್ಧಿ ಬಂದಾಗಿಂದ ಅವಳು ಅಕ್ಕನೇ. ಇಲ್ಲಿ ಮೊದಲ ಸಲ ಯಾರೋ 'ನಿನ್ನನ್ನ ಏನಂತ ಕರೀಲಿ?' ಅಂದಾಗ ಬಾಯಿತಪ್ಪಿ 'ಅಕ್ಕ' ಅಂದುಬಿಟ್ಟಳು. ಅಲ್ಲಿಗೆ ಮುಗಿಯಿತು. ಆ ಸದ್ದು ನಾಲಿಗೆಗೆ ಹೊರಳದವರು 'ಅಕಾ' ಅಂದರು, 'ಹಕ್ಕ' ಅಂದರು. ಗಡ್ಡ ನರೆತ ಸಂಶೋಧಕನೊಬ್ಬ, ಅವಳ ಚಿಕ್ಕಪ್ಪನ ವಯಸ್ಸಿನವ, ಬಟ್ಟೆ ಒಗೆಯುವ ಯಂತ್ರ ಕೆಟ್ಟಾಗಲೆಲ್ಲ ಮಹಡಿಯಿಂದ 'ಅಕ್ಕಾ!' ಅಂತ ಕೂಗಿಕೊಳ್ಳುತ್ತಿದ್ದ.

ಅವಳು ಓದುತ್ತಿದ್ದದ್ದು ನೀರು ಸೋಸುವ ವಿದ್ಯೆ. ಇದ್ದದ್ದು ಹಾಸ್ಟೆಲ್ಲಿನ ನೆಲಮಾಳಿಗೆಯ ಮೂಲೆ ಕೋಣೆಯಲ್ಲಿ. ಜೊತೆಗಾರರಿಗೆ ಅದು ಅರ್ಧ ಬಾಡಿಗೆಗೆ. ಗೋಡೆಯೊಳಗಿನ ಬಿಸಿನೀರಿನ ಕೊಳವೆ ಹಳೇ ದಮ್ಮಿನ ರೋಗಿಯ ಹಾಗೆ ಕೆಮ್ಮುತ್ತಿತ್ತು. ಕಿಟಕಿ ಇದ್ದದ್ದು ಹೊರಗಿನ ಕಾಲುದಾರಿಯ ಮಟ್ಟಕ್ಕೆ, ಹಾಗಾಗಿ ಅವಳಿಗೆ ಆ ಊರು ಕಂಡದ್ದೆಲ್ಲ ಮೊಣಕಾಲಿನ ಕೆಳಗಿಂದ. ಬೂಟು, ಚಪ್ಪಲಿ, ಒದ್ದೆ ಕಾಲ್ಚೀಲ. ನೋಡಿ ನೋಡಿ ಅವಳಿಗೆ ಹಿಮ್ಮಡಿ ಓದಲು ಬಂತು. ಊರು ಒಗ್ಗಿದವರ ಹಿಮ್ಮಡಿ ಮಾತಿಗೆ ಮಾತು ಕೊಟ್ಟ ಹಾಗೆ ಬೀಳುತ್ತದೆ. ಹೊಸಬರ ಹಿಮ್ಮಡಿ ನಾಲ್ಕು ಹೆಜ್ಜೆಗೊಮ್ಮೆ ನೆಲವನ್ನು ಕೇಳುತ್ತದೆ: ನಾನು ಇಲ್ಲಿರಬಹುದಾ?

ಅವಳ ಕೆಲಸದ ರೀತಿ ಹುಟ್ಟಿದ್ದು ಅಲ್ಲಿಂದ. ಉಳಿದ ಜೊತೆಗಾರರು ಹೊಸಬರನ್ನು ಹಿಂದಿಟ್ಟುಕೊಂಡು, ಇದು ಗ್ರಂಥಾಲಯ, ಇದು ಬ್ಯಾಂಕು ಅಂತ ಕೈ ತೋರಿಸುತ್ತ ಮುಂದೆ ನಡೆಯುತ್ತಿದ್ದರು, ಬಾತುಕೋಳಿ ಮರಿಗಳನ್ನು ನಡೆಸಿದ ಹಾಗೆ. ಅಕ್ಕ ಹಿಂದೆ ನಡೆಯುತ್ತಿದ್ದಳು. 'ನೀನು ಹೋಗು. ತಪ್ಪಿದ್ರೆ ತಪ್ಪಲಿ. ನಾನು ಬೆನ್ನ ಹಿಂದೆ ಇರ್ತೀನಿ' ಅನ್ನುವಳು. ಹೊಸಬರು ತಪ್ಪುತ್ತಿದ್ದರು. ಮೂಲೆ ಸುತ್ತಿ ಅದೇ ಮರಕ್ಕೆ ವಾಪಸು ಬರುತ್ತಿದ್ದರು. ತಿರುಗಿ ನೋಡಿದರೆ ಅವಳು ಇದ್ದೇ ಇರುತ್ತಿದ್ದಳು, ಜೇಬಿನಲ್ಲಿ ಕೈಯಿಟ್ಟುಕೊಂಡು, ಏನೂ ಆಗೇ ಇಲ್ಲವೆಂಬಂತೆ.

ಇದು ಅವಳು ಅಮ್ಮನಿಂದ ಕಲಿತದ್ದು. ಅಮ್ಮ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಮಗಳು ಮೊದಲ ಬಾರಿ ಶಾಲೆಗೆ ಹೋದಾಗ ಅವಳ ಹಿಂದೆ ನಡೆದಳು. 'ಮುಂದೆ ನಡೆದ್ರೆ ನಿಂಗೆ ನನ್ನ ಬೆನ್ನು ಕಾಣುತ್ತೆ ಕಣೇ. ಹಿಂದೆ ನಡೆದ್ರೆ ದಾರಿ ಕಾಣುತ್ತೆ' ಅಂದಿದ್ದಳು. ಅಷ್ಟು ಹೇಳಿ, 'ಮೂಗು ಒರೆಸ್ಕೊ' ಅಂತಲೂ ಅಂದಿದ್ದಳು.

ಆ ಚಳಿಗಾಲದ ಬಾಯಲ್ಲಿ ಬಂದವನು ಹೂಂಕಾರ. ಯಾವುದೋ ನದಿ ದಡದ ಊರಿನವನು, ಮೂವತ್ತು ದಾಟಿದವನು. ಸೇತುವೆಗಳಿಗೆ ಬೆಸುಗೆ ಹಾಕುತ್ತಿದ್ದವನು ಈಗ ಸೇತುವೆ ಕಟ್ಟುವ ವಿದ್ಯೆ ಕಲಿಯಲು ಬಂದಿದ್ದ. ಏನು ಹೇಳಿದರೂ ತಲೆ ಅಲ್ಲಾಡಿಸಿ 'ಹೂಂ' ಅನ್ನುತ್ತಿದ್ದ. ಹಸಿವಾ? ಹೂಂ. ಊಟ ಆಯ್ತಾ? ಅದಕ್ಕೂ ಹೂಂ.

ಮೊದಲ ಪಾಠದ ಬೆಳಿಗ್ಗೆ ಮಂಜು ಹೇಗಿತ್ತೆಂದರೆ, ನೆಲವೇ ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ದೀಪದ ಕಂಬಗಳ ತಲೆಗಳು ಮಾತ್ರ ಹಳದಿಯಾಗಿ ತೇಲುತ್ತಿದ್ದವು. ಸೈಕಲ್ಲಿನ ಗಂಟೆ ಕೇಳಿಸಿತು, ಸೈಕಲ್ಲು ಬರಲಿಲ್ಲ. ಹೂಂಕಾರ ಮುಂದೆ, ಅಕ್ಕ ಹಿಂದೆ. ಅವನ ಹಿಮ್ಮಡಿ ಮೊದಲು ತಡವರಿಸಿತು, ನಿಂತಿತು, ಮತ್ತೆ ನಡೆಯಿತು. ಹುಲ್ಲುಹಾಸಿನ ಆಚೆ ಅವಳಿ ಕಟ್ಟಡಗಳಿದ್ದವು, ಒಂದೇ ಕೆಂಪು ಇಟ್ಟಿಗೆ, ಒಂದೇ ಮೆಟ್ಟಿಲು, ಒಂದೇ ನಿಂತುಹೋದ ಗಡಿಯಾರ. ಒಂದರಲ್ಲಿ ಸೇತುವೆ ಕಲಿಸುತ್ತಾರೆ, ಇನ್ನೊಂದರಲ್ಲಿ ಗಾಳಿ, ಮೋಡ, ಹವಾಮಾನ. ಮೆಟ್ಟಿಲು ಸಮೀಪಿಸಿದ ಹಾಗೆ ಅವನ ಹಿಮ್ಮಡಿ ಸ್ಥಿರವಾಯಿತು. ಟಕ್, ಟಕ್, ಟಕ್. ಆ ಸದ್ದಿನಲ್ಲಿ ಅಕ್ಕನಿಗೆ ಒಂಥರಾ ಜೊಂಪು ಹತ್ತಿತು. ಅಮ್ಮನ ಇಸ್ತ್ರಿಪೆಟ್ಟಿಗೆ ಎಲ್ಲೋ ಹತ್ತಿರದಲ್ಲೇ ಕುಟ್ಟುತ್ತಿದೆ, ಈ ಬಿಳುಪೆಲ್ಲ ಒಗೆದು ಹರವಿದ ಬಟ್ಟೆ, ತಾನಿನ್ನೂ ಪುಟ್ಟ ಹುಡುಗಿ ಅನ್ನಿಸಿತು. ಅವನು ಮೆಟ್ಟಿಲು ಹತ್ತಿದ. ಬಾಗಿಲು ತೆರೆದು ಮುಚ್ಚಿತು. ಅಕ್ಕ ತೃಪ್ತಿಯಿಂದ ವಾಪಸಾದಳು.

ಅವಳು ಹಿಮ್ಮಡಿ ನೋಡಿದಳು. ಕಟ್ಟಡ ನೋಡಲಿಲ್ಲ.

ವಾರಗಳು ಮಂಜಿನಲ್ಲೇ ಕಳೆದವು. ಭೇಟಿಯಾದಾಗಲೆಲ್ಲ ಕೇಳುತ್ತಿದ್ದಳು. 'ಪಾಠ ಹೇಗಿದೆ?'

'ಹೂಂ.'

'ಅರ್ಥ ಆಗ್ತಿದೆಯಾ?'

'ಹೂಂ.'

ಹಾಗೆ ಹೂಂಗುಟ್ಟುವುದರ ಅರ್ಥ ಅವಳಿಗೆ ಗೊತ್ತಿರಬೇಕಿತ್ತು. ಅವಳೂ ಬಂದ ಹೊಸದರಲ್ಲಿ ಅದನ್ನೇ ಮಾಡಿದವಳು. ಬಸ್ಸಿನಲ್ಲಿ ನಿದ್ದೆ ಹೋಗಿ ಕೊನೆಯ ನಿಲ್ದಾಣ ತಲುಪಿ, 'ಇಲ್ಲೇ ಇಳೀಬೇಕಿತ್ತಾ?' ಅಂತ ಚಾಲಕ ಕೇಳಿದರೆ ತಲೆ ಅಲ್ಲಾಡಿಸಿ ಇಳಿದು, ಖಾಲಿ ಬಯಲಲ್ಲಿ ನಿಂತವಳು. ಆದರೆ ದಡ ಸೇರಿದ ಮೇಲೆ ನೀರಿನ ಚಳಿ ಯಾರಿಗೆ ನೆನಪಿರುತ್ತದೆ?

ಒಂದು ಸೋಮವಾರ ಹೊರದೇಶದ ವಿದ್ಯಾರ್ಥಿಗಳ ಕಚೇರಿಯಿಂದ ಕರೆ ಬಂತು. ಅಲ್ಲಿನ ಅಧಿಕಾರಿಣಿಗೆ ಪಿಂಗಾಣಿ ಮೇಡಂ ಅಂತ ವಿದ್ಯಾರ್ಥಿಗಳು ಇಟ್ಟ ಹೆಸರು. ಕೈಯಲ್ಲಿನ ಪಿಂಗಾಣಿ ಕಪ್ಪನ್ನು ಅವರು ಕೆಳಗಿಟ್ಟಿದ್ದನ್ನು ಕಂಡವರಿಲ್ಲ.

'ನಿನ್ನ ಆ ಸೇತುವೆಯವನು ಎಲ್ಲಿ ಮಾಯ ಆಗಿದಾನೆ?'

'ಇಲ್ಲೇ ಇದಾನಲ್ಲ ಮೇಡಂ. ದಿನಾ ಬೆಳಿಗ್ಗೆ ಪಾಠಕ್ಕೆ ಹೋಗ್ತಾನೆ.'

'ಬೆಳಗಿನ ಪಾಠಕ್ಕೆ ಒಂದೇ ಒಂದು ದಿನ ಬಂದಿಲ್ಲ. ಬಾಗಿಲಲ್ಲಿ ಕಾರ್ಡು ತೋರಿಸಿದ್ರೆ ತಾನೇ ಹಾಜರಿ? ಶುಕ್ರವಾರ ಇವನ ಹೆಸರು ಮೇಲಕ್ಕೆ ಹೋಗುತ್ತೆ. ಆಮೇಲೆ ಇರೋಕೆ ಪರವಾನಗಿ ಇಲ್ಲ. ಗಂಟುಮೂಟೆ ಕಟ್ಟೋಕೆ ಹೇಳು.'

ಅಕ್ಕನ ಎದೆಯಲ್ಲಿ ಬಿಸಿನೀರಿನ ಕೊಳವೆ ಕೆಮ್ಮಿತು. ಮೊದಲು ಬಂದದ್ದು ಸಿಟ್ಟು. ಕಳ್ಳ ನನ್ಮಗ, ನನ್ನ ಮುಂದೇನೇ ಹೂಂಗುಟ್ಟಿ ಎಲ್ಲಿ ಮಲಗಿದ್ದಾನೋ!

ಮರುದಿನ ಬೆಳಿಗ್ಗೆ ಅವನ ಕೋಣೆಯ ಮುಂದೆ ನಿಂತಳು. ಅವನು ತಲೆ ಬಾಚಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟಿದ್ದ.

'ಎಲ್ಲಿಗೆ ಸವಾರಿ?'

'ಪಾಠಕ್ಕೆ, ಅಕ್ಕ.'

'ನಡಿ. ನಾನೂ ಬರ್ತೀನಿ.'

ಮಂಜು ಅವತ್ತೂ ಇತ್ತು. ಅವನ ಹಿಮ್ಮಡಿ ಈಗ ಊರಿನವರ ಹಾಗೇ ಬೀಳುತ್ತಿತ್ತು. ಮೆಟ್ಟಿಲು ಹತ್ತಿ, ಬಾಗಿಲ ಯಂತ್ರಕ್ಕೆ ಕಾರ್ಡು ಹಿಡಿದ. ಯಂತ್ರ ಬೀಪ್ ಅಂದಿತು. ಅವನು ಖುಷಿಯಿಂದ ಒಳಗೆ ಹೋದ. ಯಂತ್ರದ ಕೆಂಪು ದೀಪವನ್ನು ಅಕ್ಕ ನೋಡಿದಳು. ಅವನ ಹಿಂದೆ ಬಂದ ಹುಡುಗಿಗೆ ಹಸಿರು ಹತ್ತಿತು. ಅವನಿಗೆ ಕೆಂಪು ಹತ್ತಿತ್ತು. ಬಹುಶಃ ದಿನಾ ಕೆಂಪೇ ಹತ್ತಿತ್ತು. ಬಾಗಿಲು ತಳ್ಳಿದವರಿಗೆಲ್ಲ ತೆರೆಯುವಾಗ ದೀಪದ ಕಡೆ ಯಾರು ನೋಡುತ್ತಾರೆ? ಬೀಪ್ ಅಂದರೆ ಹಾಜರಿ ಆಯಿತು ಅಂತ ಅವನು ತಿಳಿದಿದ್ದ.

ಒಳಗೆ ಮೋಡದ ಮೇಷ್ಟ್ರು ಹಲಗೆಯ ಉದ್ದಕ್ಕೂ ಸೀಮೆಸುಣ್ಣದಲ್ಲಿ ಬಾಣಗಳನ್ನು ಬಿಡಿಸುತ್ತಿದ್ದರು. ಗಾಳಿ ಇಲ್ಲಿಂದ ಒತ್ತುತ್ತದೆ, ಇಲ್ಲಿ ಏಳುತ್ತದೆ, ಇಲ್ಲಿ ತಣ್ಣಗಾಗುತ್ತದೆ. ಆಮೇಲೆ ಅಂಗೈಯಿಂದ ಆ ಬಾಣಗಳನ್ನೆಲ್ಲ ಒರೆಸಿದರು. ಒರೆಸಿದ ಬಿಳುಪೇ ಮೋಡವಾಯಿತು. ಕಿಟಕಿಯಾಚೆ ಮಂಜು, ಹಲಗೆಯ ಮೇಲೆ ಮಂಜು, ನಡುವೆ ಹೂಂಕಾರ ಬಾಯಿ ಬಿಟ್ಟುಕೊಂಡು ಕೂತಿದ್ದ. ಅಕ್ಕ ಬೈಯಬೇಕೆಂದು ಬಾಯಿ ತೆರೆದಳು. ಬಂದದ್ದು ಆಕಳಿಕೆ. ಕೋಣೆ ಬೆಚ್ಚಗಿತ್ತು. ಮೇಷ್ಟ್ರ ದನಿ ಹಬೆಯ ಹಾಗೆ ಏಳುತ್ತಿತ್ತು. ಅಮ್ಮ ಬಂದು ಹಲಗೆಯ ಮೋಡವನ್ನು ಎರಡು ಚುಂಗು ಹಿಡಿದು ಕೊಡವಿದಳು, ಮಡಿಸಿದಳು, ಇಸ್ತ್ರಿ ಒತ್ತಿದಳು. 'ಈ ತುದಿ ಹಿಡ್ಕೊಳ್ಳೇ' ಅಂದಳು. ಹಿಡಿಯಲು ಹೋದರೆ ತುದಿ ಕೈಗೆ ಸಿಗಲಿಲ್ಲ, ಒದ್ದೆ ಮಾತ್ರ ಸಿಕ್ಕಿತು.

'ಅಕ್ಕ, ಪಾಠ ಮುಗೀತು. ಗೊರಕೆ ಹೊಡೀತಿದ್ರಿ' ಅಂದ ಹೂಂಕಾರ.

ಮೆಟ್ಟಿಲ ಮೇಲೆ ಕೂರಿಸಿ ಹೇಳಿದಳು. ಇದು ಮೋಡದ ಕಟ್ಟಡ. ನಿನ್ನದು ಆಚೆಯದು. ಶುಕ್ರವಾರ ನಿನ್ನನ್ನ ಮನೆಗೆ ಕಳಿಸ್ತಾರೆ.

ಅವನು ಪುಸ್ತಕ ತೆರೆದು, ತಾನು ಬರೆದುಕೊಂಡಿದ್ದ ಬಾಣಗಳನ್ನು ತೋರಿಸಿದ. 'ಮೇಷ್ಟ್ರು ದಿನಾ ಬಾಣ ಹಾಕ್ತಿದ್ರು. ಸೇತುವೆಗೂ ಗಾಳಿ ಹೊಡೆಯುತ್ತಲ್ಲ, ಅದನ್ನೇ ಹೇಳ್ತಿದಾರೆ ಅಂದ್ಕೊಂಡೆ. ಸೇತುವೆ ಯಾವತ್ತೋ ಬರುತ್ತೆ ಅಂತ ಕಾಯ್ತಿದ್ದೆ.'

'ಅಯ್ಯೋ ಪುಣ್ಯಾತ್ಮ! ಒಬ್ಬರನ್ನಾದ್ರೂ ಕೇಳಬಾರದಿತ್ತಾ?'

'ಎಲ್ಲಾ ಕಡೆ ಅರ್ಥ ಆಗ್ತಿರಲಿಲ್ಲ, ಅಕ್ಕ. ಅಂಗಡೀಲಿ, ಬಸ್ಸಲ್ಲಿ, ಮಧ್ಯಾಹ್ನ ಗ್ರಂಥಾಲಯದ ಮೇಲಿನ ನಕ್ಷೆ ತರಗತೀಲಿ. ಇಲ್ಲೂ ಆಗ್ತಿರಲಿಲ್ಲ. ಆದ್ರೆ ಇಲ್ಲಿ ಹೆದರಿಕೆ ಆಗ್ತಿರಲಿಲ್ಲ.' ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. 'ಊರಲ್ಲಿ ನಮ್ಮಕ್ಕ ಒಬ್ಬಳೇ ಅಪ್ಪನ್ನ ನೋಡ್ಕೊಂಡು ನನ್ನನ್ನ ಕಳ್ಸಿದಾಳೆ. ವಾಪಸ್ ಹೋಗಿ ಏನಂತ ಹೇಳ್ಲಿ? ಮೋಡ ನೋಡಿ ಬಂದೆ ಅಂತಾನಾ?'

ಅಕ್ಕ ಎದ್ದು ನೇರ ಕಚೇರಿಗೆ ಹೋದಳು.

'ತಪ್ಪು ನನ್ನದು ಮೇಡಂ. ಅವನನ್ನ ಆ ಬಾಗಿಲಿಗೆ ಬಿಟ್ಟಿದ್ದು ನಾನು.'

ಪಿಂಗಾಣಿ ಮೇಡಂ ಒಂದು ಗುಟುಕು ಕುಡಿದರು. 'ನೀನು ಮಾಡೋದು ಸೇವೆ. ಸೇವೆಯಲ್ಲಿ ಆದ ಎಡವಟ್ಟಿಗೆ ನಾವು ಹೊಣೆ ಅಲ್ಲ. ನಮ್ಮ ಸಿಬ್ಬಂದಿ ದಾರಿ ತಪ್ಪಿಸಿದ್ರೆ ಗೈರುಹಾಜರಿ ಮನ್ನಾ ಮಾಡೋಕೆ ನಿಯಮ ಇದೆ. ನೀನು ಸಿಬ್ಬಂದಿ ಅಲ್ವಲ್ಲ.'

'ನನ್ನನ್ನ ನೇಮಿಸಿದ್ದು ನೀವೇ.'

'ಸಂಬಳ ತಗೊಂಡಿದ್ದೀಯಾ?'

'ಕೊಟ್ಟಿದ್ದೀರಾ?'

ಬಾಯಿಗೆ ಹೋಗುತ್ತಿದ್ದ ಕಪ್ಪು ಅರ್ಧಕ್ಕೇ ನಿಂತಿತು.

'ನಾನು ಮಾಡಿದ್ದು ಕೆಲಸ ಅಲ್ಲ ಅಂದ್ರೆ, ನನ್ನ ತಪ್ಪು ಯಾರ ತಪ್ಪೂ ಅಲ್ಲ ಅಂತೀರಿ. ಆದ್ರೆ ಶಿಕ್ಷೆ ಮಾತ್ರ ಅವನಿಗೆ. ಇದ್ಯಾವ ನ್ಯಾಯ ಮೇಡಂ? ಹಾಲು ಕುಡಿದ ಬೆಕ್ಕೂ ಇಲ್ಲ, ಕೊಟ್ಟ ಹಸುವೂ ಇಲ್ಲ, ಒದೆ ಮಾತ್ರ ಪಾತ್ರೆಗೆ. ನಾನು ಸಿಬ್ಬಂದಿ ಅಂತ ಬರೀರಿ. ತಪ್ಪು ಮಾಡಿದ ಸಿಬ್ಬಂದಿ ಅಂತಲೇ ಬರೀರಿ.'

'ಹಾಗೆ ಬರೆದ್ರೆ ಇವತ್ತೇ ನಿನ್ನನ್ನ ತೆಗೀಬೇಕಾಗುತ್ತೆ. ಆ ಕೋಣೆನೂ ಹೋಗುತ್ತೆ. ಚಳೀಲಿ ಎಲ್ಲಿಗೆ ಹೋಗ್ತೀಯ? ಯೋಚನೆ ಮಾಡು ತಾಯಿ.'

ಅಕ್ಕ ಯೋಚನೆ ಮಾಡಿದಳು. ಕೊಳವೆ ಕೆಮ್ಮುವ ಆ ಮೂಲೆ, ಕಾಲುಗಳ ಆ ಕಿಟಕಿ. ಅದನ್ನು ಬಿಡುವ ಮನಸ್ಸಿರಲಿಲ್ಲ. ಶೂರೆಯೇನೂ ಆಗಿರಲಿಲ್ಲ ಅವಳು. ಮೂಗು ಸೋರುತ್ತಿತ್ತು, ಒರೆಸಿಕೊಂಡಳು.

'ಬರೀರಿ' ಅಂದಳು.

ಮೇಡಂ ಕಪ್ಪನ್ನು ಕೆಳಗಿಟ್ಟು ಬರೆದರು.

ಹೂಂಕಾರ ಉಳಿದ. ಪಕ್ಕದ ಕಟ್ಟಡದಲ್ಲಿ, ಹಸಿರು ದೀಪದ ಬಾಗಿಲಲ್ಲಿ, ಹಿಂದುಳಿದ ಪಾಠಗಳನ್ನು ಗುದ್ದಾಡಿ ಕಲಿತ. ಮೋಡದ ಮೇಷ್ಟ್ರ ತರಗತಿಗೂ ಬಿಡುವಾದಾಗ ಹೋಗಿ ಹಿಂದಿನ ಬೆಂಚಲ್ಲಿ ಕೂರುತ್ತಾನೆ. ಗಾಳಿ ಗೊತ್ತಿಲ್ಲದವನು ಸೇತುವೆ ಕಟ್ಟಬಾರದು ಅನ್ನುವುದು ಈಗ ಅವನ ವಾದ. ಅಕ್ಕ ಹಾಸ್ಟೆಲ್ಲು ಬಿಟ್ಟು, ಬೀಗ ರಿಪೇರಿ ಅಂಗಡಿಯ ಮೇಲಿನ ಅಟ್ಟಕ್ಕೆ ಬಂದಳು. ಅಲ್ಲಿನ ಕಿಟಕಿಯಿಂದ ಕಾಲು ಕಾಣುವುದಿಲ್ಲ, ತಲೆಗಳು ಮಾತ್ರ. ಫೋನಿನಲ್ಲಿ ಅಮ್ಮ, 'ಅಂತೂ ಮೇಲಕ್ಕೆ ಬಂದೆಯಲ್ಲ, ಬಿಡು' ಅಂದು ನಕ್ಕಳು.

ಮುಂದಿನ ಸಲ ಹೊಸಬರು ಬಂದಾಗ ಜನ ಸಾಲದೆ ಕಚೇರಿಯವರೇ ಮತ್ತೆ ಕರೆದರು, ಅಕ್ಕ ಹೋಗಲಿಲ್ಲ. 'ಕೂಲಿ ಕೈಗೆ ಬರದೆ ನಾನಿನ್ನು ಒಂದು ಹೆಜ್ಜೆನೂ ಇಡಲ್ಲ' ಅಂತ ಹೇಳಿ ಕಳಿಸಿದಳು. ಹೋದವನು ಹೂಂಕಾರ. ಅವನೂ ಹಿಂದೆಯೇ ನಡೆಯುತ್ತಾನೆ. ಆದರೆ ಬಾಗಿಲ ತನಕ ಹತ್ತಿ, ದೀಪ ಹಸಿರಾಗುವುದನ್ನು ನೋಡಿ ಇಳಿಯುತ್ತಾನೆ. ಅವನಿಗೂ ಗಂಟೆಗಿಷ್ಟು ಅಂದಿದ್ದಾರೆ. ಅವನಿಗೂ ಇನ್ನೂ ಕೊಟ್ಟಿಲ್ಲ.

ಅಕ್ಕನನ್ನು ಕೆಲಸದಿಂದ ತೆಗೆದೆವು ಅಂತ ಅವರೇ ಸಹಿ ಹಾಕಿದ್ದಾರೆ. ಇಲ್ಲದ ಕೆಲಸದಿಂದ ಯಾರನ್ನೂ ತೆಗೆಯಲಾಗುವುದಿಲ್ಲ. ಕೆಲಸ ಇತ್ತು ಅಂದಮೇಲೆ ಕೂಲಿ ಇದೆ. ನೀವು ಇದನ್ನು ಓದಿ 'ಪಾಪ' ಅನ್ನಬೇಡಿ, ಪಾಪ ಕೊಟ್ಟರೆ ಯಾವ ಅಂಗಡಿಯಲ್ಲೂ ಅಕ್ಕಿ ಅಳೆಯುವುದಿಲ್ಲ. ನೀವು ಓದಿದ ಕಡೆ, ಕಲಿಸುವ ಕಡೆ, ನಿಮ್ಮ ಮಕ್ಕಳನ್ನು ಬಿಟ್ಟು ಬಂದ ಕಡೆ ಹೀಗೆ ಹಿಂದೆ ನಡೆಯುವವರೊಬ್ಬರು ಇದ್ದೇ ಇದ್ದಾರೆ. ನಾಳೆ ಬೆಳಿಗ್ಗೆ ಅಲ್ಲಿನ ಕಚೇರಿಗೆ ಹೋಗಿ. ಇವರ ಕೂಲಿ ಯಾವಾಗ ಕೊಡುತ್ತೀರಿ ಅಂತ ಕೇಳಿ. ಉತ್ತರ ಬರುವ ತನಕ ಅವರ ಬಾಗಿಲಿನ ಆ ಹಿತ್ತಾಳೆ ಹಿಡಿಯಿಂದ ಕೈ ತೆಗೆಯಬೇಡಿ.