ಹೊಳೆದಂಡೆಯಿಂದ ಮನೆ ಹೊತ್ತ ದಿನ

ಕೋವಿಡ್ ಕಡಿಮೆಯಾಗಿ, ಮಲೇಷ್ಯಾದಲ್ಲಿ ರಾಜ್ಯದ ಗಡಿ ದಾಟಲು ಮತ್ತೆ ಅನುಮತಿ ಸಿಕ್ಕ ವಾರವೇ ನಾವು ಸೈಬರ್‌ಜಯಾದಿಂದ ಮೆಲಾಕಾ ಕಡೆಗೆ ಹೊರಟೆವು. ನಮಗೆ ಬೇಕಿದ್ದದ್ದು ಪಟ್ಟಣವಲ್ಲ, ಒಳನಾಡಿನ ಒಂದು ಸಣ್ಣ ಹಳ್ಳಿ. ನನ್ನ ಗಂಡ ಪ್ರಕಾಶ್ ಅವರ ಸಹೋದ್ಯೋಗಿ ಫೈಸಲ್‌ನ ಊರು ಅದು. ಹೊಳೆ ದಂಡೆಯನ್ನು ಕೊರೆಯುತ್ತಾ ಕಂಬಗಳ ಮೇಲೆ ನಿಂತ ಅವನ ತಾಯಿಯ ಮರದ ಮನೆಯ ಹತ್ತಿರಕ್ಕೆ ಬಂದಿತ್ತು. ಅಲ್ಲಿ ಇಂಥ ಮನೆಯನ್ನು ಕೆಡವುವುದಿಲ್ಲ. ಕೆಳಗೆ ಬಿದಿರು ಕಟ್ಟಿ, ಊರವರೆಲ್ಲ ಸೇರಿ ಹೆಗಲ ಮೇಲೆ ಹೊತ್ತು ಬೇರೆ ಕಡೆ ಇಡುತ್ತಾರೆ. ತಲೆಮಾರುಗಳಿಂದ ಬಂದ ಪದ್ಧತಿ. ಆದರೆ ಊರಿನ ಎಷ್ಟೋ ಗಂಡಸರು ಕೆಲಸಕ್ಕೆ ಹೋಗಿದ್ದ ಸಿಂಗಪುರದಲ್ಲೇ, ದೇಶದ ಗಡಿ ಇನ್ನೂ ಮುಚ್ಚಿದ್ದರಿಂದ, ಉಳಿದುಬಿಟ್ಟಿದ್ದರು.

"ನಿನ್ನ ಹೆಗಲು ಬೇಕು ಲಾ," ಎಂದು ಅಲ್ಲಿಯವರ 'ಲಾ' ಸೇರಿಸಿ ಫೈಸಲ್ ಇವರಿಗೆ ಫೋನ್ ಮಾಡಿದ್ದ.

ದಾರಿಯುದ್ದಕ್ಕೂ ಎಣ್ಣೆ ತಾಳೆಯ ತೋಟ. ಕಟ್ಟಿಸಿಕೊಂಡಿದ್ದ ರೊಟ್ಟಿಯನ್ನು ಕಾರಿನಲ್ಲೇ ತಿಂದೆವು.

"ಗ್ಯಾಸ್ ಸಿಲಿಂಡರ್ ಎತ್ತೋಕೆ ವಾಚ್‌ಮ್ಯಾನ್ ಕರೀತೀರ, ಈಗ ಮನೆ ಎತ್ತೋಕೆ ಹೊರಟಿದೀರಲ್ರೀ," ಎಂದೆ.

"ಸುಮ್ನೆ ತಿನ್ನೇ."

ಹಳ್ಳಿ ತಲುಪುವಾಗ ಆಕಾಶ ಕಪ್ಪಾಗಿತ್ತು. ಛಾವಣಿಯ ತಗಡು, ಪಾತ್ರೆ, ಮಂಚ ಎಲ್ಲ ಹೊರಗೆ ಬಂದಿದ್ದವು. ಫೈಸಲ್‌ನ ತಾಯಿಯನ್ನು ಎಲ್ಲರಂತೆ ನಾವೂ ಮಕ್‌ಚಿಕ್, ಅಂದರೆ ಚಿಕ್ಕಮ್ಮ, ಎಂದೇ ಕರೆದೆವು. ಆಕೆ ಪ್ರಕಾಶ್ ಅವರನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದರು. ಫೈಸಲ್ ನಗುತ್ತಾ ತಿಳಿಸಿದ: "ಮನೆ ಜೊತೆ ಇವನನ್ನೂ ಹೊರಬೇಕಾ ಅಂತಿದಾರೆ ಅಮ್ಮ."

ಮಾಸ್ಕ್ ಹಾಕಿಕೊಂಡೇ ಎಲ್ಲರೂ ಬಿದಿರಿಗೆ ಹೆಗಲು ಕೊಟ್ಟರು. ಒಂದೇ ಕೂಗಿಗೆ ಮನೆ ನೆಲ ಬಿಟ್ಟಿತು. ಕಿಟಕಿ, ಬಾಗಿಲು ಸಮೇತ ಒಂದು ಮನೆ ನಡೆಯತೊಡಗಿದ್ದನ್ನು ಕಂಡು ನಾನು ಚಪ್ಪಾಳೆ ತಟ್ಟಿದೆ.

ಅರ್ಧ ದಾರಿಯಲ್ಲಿ ಕೆಸರು. "ಜಾಗ-ಜಾಗಾ!" ಎಂದು ಫೈಸಲ್ ಕಿರುಚಿದ. ಮಲಯ್ ಭಾಷೆಯಲ್ಲಿ ಅದು 'ಹುಷಾರು'. ಮೈಸೂರಿನ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಬೆಳೆದ ನನ್ನ ಗಂಡನ ಕಿವಿಗೆ ಅದು 'ಜಾಗ ಬಿಡಿ' ಎಂದು ಕೇಳಿಸಿತು. ಅವರು ಬಿದಿರು ಬಿಟ್ಟು, ವಿನಯದಿಂದ ಪಕ್ಕಕ್ಕೆ ಸರಿದರು.

ಆ ಮೂಲೆ ಕುಸಿಯಿತು. ಮನೆ ಅವರತ್ತ ವಾಲಿತು. ಓಡಲು ಹೋಗಿ ಅವರು ಕೆಸರಿನಲ್ಲಿ ಬಿದ್ದರು. ಮಕ್‌ಚಿಕ್ ನುಗ್ಗಿ ಬಂದು ಅವರ ಕಾಲರ್ ಹಿಡಿದು ಎಳೆದರು. ಅವರ ತಲೆಯಿದ್ದಲ್ಲಿ ಮೂಲೆಗಂಬ ಇಳಿಯಿತು. ಇಂದಿಗೂ ಅಡುಗೆ ಮಾಡುತ್ತಿರುವಾಗ, ಲಿಫ್ಟ್‌ನಲ್ಲಿ ನಿಂತಿರುವಾಗ, ಆ ಕಂಬ ನನ್ನ ಕಣ್ಣೆದುರು ಇಳಿಯುತ್ತದೆ. ಕೆಲವೊಮ್ಮೆ ಮಕ್‌ಚಿಕ್ ಒಂದು ಹೆಜ್ಜೆ ತಡವಾಗಿ ಬರುತ್ತಾರೆ.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಮನೆ ಕೆಸರಿನಲ್ಲಿ ಓರೆಯಾಗಿ ನಿಂತಿತ್ತು, ಮಳೆ ಹನಿಯತೊಡಗಿತ್ತು. ಸಾಕು, ಇಲ್ಲೇ ಬಿಡಿ ಎಂದರು ಮಕ್‌ಚಿಕ್. ಪ್ರಕಾಶ್ ಎದ್ದು, ಮತ್ತೆ ಅದೇ ಮೂಲೆಗೆ ಹೋಗಿ ನಿಂತರು.

"ಬೇಡಾರೀ," ಎಂದೆ.

"ಒಂದು ಹೆಗಲು ಕಮ್ಮಿ ಇದೆ ಕಣೇ."

ಫೈಸಲ್ ನನ್ನತ್ತ ತಿರುಗಿದ. "ಕೈಬಿಡಬಾರದು ಅನ್ನೋಕೆ ನಿಮ್ಮ ಭಾಷೇಲಿ ಏನಂತಾರೆ?"

"ಬಿಡ್ಬೇಡ."

ಆಮೇಲೆ ಇಡೀ ಊರು ಕನ್ನಡದಲ್ಲಿ ಕೂಗಿತು. "ಬಿಡ್-ಬೇಡಾ! ಬಿಡ್-ಬೇಡಾ!" ಹೊರುವವರು, ನೋಡುವವರು, ಕಡೆಗೆ ಮಕ್‌ಚಿಕ್ ಕೂಡ. ಮನೆ ಮೆಲ್ಲಗೆ ಎದ್ದು, ಕೆಸರು ದಾಟಿ, ದಿಬ್ಬ ಹತ್ತಿ, ಹೊಸ ಅಡಿಗಲ್ಲುಗಳ ಮೇಲೆ ಕೂತಿತು. ಎಲ್ಲರೂ ಹೆಗಲು ತೆಗೆದರು. ನನ್ನ ಗಂಡ ಮಾತ್ರ ಕಣ್ಣು ಮುಚ್ಚಿ ಬಿದಿರು ಹಿಡಿದೇ ನಿಂತಿದ್ದರು. ನಾನು ಹೋಗಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಊಟಕ್ಕೆ ಅನ್ನ, ಹುಳಿ ಹಾಕಿದ ಮೀನು. ನಮಗೆಂದು ಬೇರೆಯಾಗಿ ಹಲಸಿನಕಾಯಿ ಸಾರು. ಮಳೆ ಜೋರಾಗುವ ಮೊದಲೇ ತಗಡು ಮೇಲೇರಿತು.

ಹೊರಡುವಾಗ ಕಾರಿನಿಂದ ಹಿಂತಿರುಗಿ ನೋಡಿದೆ. ಮನೆಯ ಮುಂದಿದ್ದ, ಬಣ್ಣದ ಟೈಲ್ಸ್ ಹಾಕಿದ ಗಾರೆಯ ಮೆಟ್ಟಿಲು ಹೊಳೆದಂಡೆಯಲ್ಲೇ ಉಳಿದಿತ್ತು, ಅದನ್ನು ಹೊರಲಾಗುವುದಿಲ್ಲ. ದಿಬ್ಬದ ಮೇಲೆ, ಮೆಟ್ಟಿಲಿಲ್ಲದ ಬಾಗಿಲಲ್ಲಿ ಮಕ್‌ಚಿಕ್ ಕಾಲು ಇಳಿಬಿಟ್ಟು ಕೂತು ಕೈ ಬೀಸುತ್ತಿದ್ದರು.