ತಡಿಯಕ್ಕ ತಡೆಹಿಡಿದ ಸಹಿ

ನಿಮ್ಮ ತೋಳಿಗೆ ಸಲೀಸಾಗಿ ಸೂಜಿ ಚುಚ್ಚುವ ಪ್ರತಿಯೊಬ್ಬ ನರ್ಸೂ ಒಂದು ದಿನ ಮೊಟ್ಟಮೊದಲ ಸಲ ಯಾರದೋ ತೋಳಿಗೆ ಚುಚ್ಚಿದವಳೇ. ಆ ತೋಳು ಗೊಂಬೆಯದಲ್ಲ, ಮನುಷ್ಯರದು. ಇದು ನಿಮಗೆ ಗೊತ್ತಿರಬೇಕಿತ್ತು. ಆದರೂ ಕಲಿಯುವ ಹುಡುಗಿ ಟ್ರೇ ಹಿಡಿದು ಮಂಚದ ಹತ್ತಿರ ಬಂದ ಕೂಡಲೇ ಮುಖ ಗಂಟು ಹಾಕಿಕೊಂಡು, "ದೊಡ್ಡವರು ಯಾರೂ ಇಲ್ವಾ?" ಅನ್ನುತ್ತೀರಿ. ದೊಡ್ಡವರು ಮರದಲ್ಲಿ ಬಿಡುತ್ತಾರೆ ಅಂದುಕೊಂಡಿದ್ದೀರೇನೋ. ಅವರನ್ನೂ ಒಂದು ಕಾಲಕ್ಕೆ ಯಾರೋ ಬೆನ್ನ ಹಿಂದೆ ನಿಂತು ತಯಾರು ಮಾಡಿದ್ದಾರೆ. ಹಾಗೆ ಬೆನ್ನ ಹಿಂದೆ ನಿಲ್ಲುವ ಒಬ್ಬಾಕೆಯನ್ನು ನೋಡಿ.

ಗಂಡಸರ ವಾರ್ಡಿನ ಸಿಸ್ಟರ್ ಆಕೆ. ವಯಸ್ಸು ಐವತ್ತರ ಆಸುಪಾಸು, ಮಂಡಿಯಲ್ಲಿ ನೋವು, ಎದೆಯ ಮೇಲೆ ತಲೆಕೆಳಗಾಗಿ ತೂಗುವ ಗಡಿಯಾರ. ಹೆತ್ತವರಿಟ್ಟ ಹೆಸರು ಹಾಜರಿಗೆ ಮಾತ್ರ. ಮಿಕ್ಕವರಿಗೆಲ್ಲ ಆಕೆ ತಡಿಯಕ್ಕ. ಯಾರು ಏನು ಕೇಳಿದರೂ ಮೊದಲು "ತಡಿ" ಅನ್ನುವುದು ಚಾಳಿ. ಔಷಧಿ ಕೊಡುವ ಮೊದಲು ತಡಿ, ರೋಗಿಯನ್ನು ಎಬ್ಬಿಸುವ ಮೊದಲು ತಡಿ. ತನ್ನ ಮದುವೆಗೂ ಹಾಗೇ ಅಂದಿದ್ದಳೆಂದು ಅತ್ತೆ ಈಗಲೂ ಆಡಿಕೊಳ್ಳುತ್ತಾರೆ.

ನರ್ಸಿಂಗ್ ಕಾಲೇಜಿನವರು ಕೊನೆಯ ವರ್ಷದ ಮಕ್ಕಳನ್ನು ಕೆಲವು ವಾರಗಳ ಮಟ್ಟಿಗೆ ವಾರ್ಡಿಗೆ ಕಳಿಸುತ್ತಾರೆ. ಕಲಿಸುವವಳು ವಾರ್ಡಿನ ಸಿಸ್ಟರ್. ಅವಧಿಯ ನಡುವೆ ಒಂದು ದಿನ ಕಲಿಯುವ ಹುಡುಗಿಯನ್ನು ಕೂರಿಸಿಕೊಂಡು ಇದು ಸರಿ, ಇದು ತಪ್ಪು ಎಂದು ಹೇಳಬೇಕು. ಕೊನೆಗೆ ಒಂದೊಂದು ಕೆಲಸದ ಮುಂದೆಯೂ "ಈಕೆ ಇದನ್ನು ಬಲ್ಲಳು" ಎಂದು ಸಹಿ ಹಾಕಬೇಕು. ಇದಕ್ಕೆ ಆಕೆಗೆ ಕೊಡುವ ಸಮಯವೆಷ್ಟು ಗೊತ್ತೇ? ಸೊನ್ನೆ. ವಾರ್ಡ್ ತುಂಬ ರೋಗಿಗಳು, ಮಂಚಗಳ ಮಧ್ಯೆ ನೆಲದ ಮೇಲೂ ಹಾಸಿಗೆ, ಅದರ ನಡುವೆ ಪಾಠ. ಹೀಗಾಗಿ ಎಲ್ಲ ಕಡೆಯೂ ಒಂದು ಪದ್ಧತಿ ಬೆಳೆದಿದೆ: ಕೊನೆಯ ದಿನ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಸಿಸ್ಟರ್ ಕಣ್ಣುಮುಚ್ಚಿ ಸಹಿ ಗೀಚುತ್ತಾಳೆ, ಎಲ್ಲರೂ ಪಾಸು. ನಾಳೆ ನಿಮ್ಮ ಮಂಚದ ಪಕ್ಕ ನಿಲ್ಲುವವರು ಇವರೇ.

ಈ ಸಲ ಬಂದವಳಿಗೆ ವಾರ್ಡಿನವರು ಗಿಣಿ ಎಂದು ಹೆಸರಿಟ್ಟರು. ಬಾಯಿ ತೆರೆದರೆ ಮುಚ್ಚುವುದಿಲ್ಲ. ಮುದುಕರ ಕಾಲುಗುರು ಕತ್ತರಿಸುತ್ತ ಕತೆ ಹೇಳುತ್ತಾಳೆ, ಕಳೆದ ಕನ್ನಡಕ ದಿಂಬಿನಡಿಯಿಂದ ಹುಡುಕಿ ಕೊಡುತ್ತಾಳೆ, ಊಟ ಬೇಡವೆಂದು ಮುನಿಸಿಕೊಂಡವನಿಗೆ ಎರಡು ಬೈಗುಳ ಸೇರಿಸಿ ತಿನ್ನಿಸುತ್ತಾಳೆ. ಬಾಗಿಲ ಪಕ್ಕದ ಮಂಚದಲ್ಲಿ ಶ್ವಾಸಕೋಶ ಕೆಟ್ಟು ಮಲಗಿದ್ದ ಹಳೆಯ ಬಸ್ ಕಂಡಕ್ಟರ್, "ಈ ಹುಡುಗಿ ಇದ್ರೆ ಔಷಧಿ ಅರ್ಧ ಸಾಕು," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಆ ಕಂಡಕ್ಟರನ ಹತ್ತಿರವೇ ಗಿಣಿ ಸಿಕ್ಕಿಬಿದ್ದಳು. ಮಕ್ಕಳು ನೋಡಿ ಬಂದ ರೋಗಿಯನ್ನು ಸ್ವಲ್ಪ ಹೊತ್ತಿಗೆ ತಾನೂ ಹೋಗಿ ನೋಡುವುದು ತಡಿಯಕ್ಕನ ಅಭ್ಯಾಸ. ಗಿಣಿ ಅವನ ಉಸಿರಾಟ ನಿಮಿಷಕ್ಕೆ ಹದಿನೆಂಟು ಎಂದು ಬರೆದಿದ್ದಳು. ಪಕ್ಕದವನದೂ ಹದಿನೆಂಟು. ಆ ಸಾಲಿನವರೆಲ್ಲ ಹದಿನೆಂಟು, ತಮ್ಮತಮ್ಮಲ್ಲೇ ಮಾತಾಡಿಕೊಂಡು ಉಸಿರಾಡುತ್ತಿದ್ದವರ ಹಾಗೆ. ತಡಿಯಕ್ಕ ಎಣಿಸಿದಳು: ಕಂಡಕ್ಟರನದು ಮೂವತ್ತು ದಾಟಿತ್ತು. ಡಾಕ್ಟರು ಓಡಿ ಬಂದರು, ಮೂಗಿಗೆ ಆಕ್ಸಿಜನ್ ಮಾಸ್ಕ್ ಏರಿತು, ಮಧ್ಯಾಹ್ನದ ಹೊತ್ತಿಗೆ ಅವನ ತುಟಿಗೆ ಬಣ್ಣ ಮರಳಿತು.

"ಎಣಿಸಿದ್ಯಾ?" ತಡಿಯಕ್ಕ ಕೇಳಿದಳು.

"ಹೂಂ ಸಿಸ್ಟರ್."

"ತಡಿ. ಇನ್ನೊಂದ್ಸಲ ಕೇಳ್ತೀನಿ. ಎಣಿಸಿದ್ಯಾ?"

ಗಿಣಿ ತಾನು ಬರೆದ ಹಾಳೆಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಹಿಂದಿನ ವಾರ್ಡಲ್ಲಿ ಎಣಿಸ್ತಾ ನಿಂತಿದ್ದೆ ಸಿಸ್ಟರ್. ಧ್ಯಾನ ಮಾಡೋಕೆ ಬಂದಿದೀಯಾ ಅಂತ ಬೈದ್ರು. ಹದಿನೆಂಟು ಬರ್ಕೊಂಡ್ ಮುಂದೆ ಹೋಗು ಅಂದ್ರು. ಎಲ್ರೂ ಹಾಗೇ ಬರೀತಾರೆ," ಅಂದಳು.

ಅದು ಸುಳ್ಳಲ್ಲವೆಂದು ತಡಿಯಕ್ಕನಿಗೂ ಗೊತ್ತಿತ್ತು.

ಅವಧಿ ಮುಗಿಯಲು ಎರಡೇ ದಿನ ಉಳಿದಿತ್ತು. ಸಹಿ ಬೀಳದಿದ್ದರೆ ಗಿಣಿಗೆ ಪರೀಕ್ಷೆಯಿಲ್ಲ, ಒಂದು ವರ್ಷ ಮಣ್ಣುಪಾಲು. ಬಿದ್ದರೆ, ಎಣಿಸದೆ ಬರೆಯುವ ಒಬ್ಬ ನರ್ಸ್ ಊರಿಗೆ ಬರುತ್ತಾಳೆ. ಕಾಲೇಜಿನ ಮೇಡಂ ಬಂದು ಕೈಹಿಡಿದುಕೊಂಡರು. "ಹಾಕ್ಬಿಡಿ ಸಿಸ್ಟರ್. ಒಳ್ಳೇ ಹುಡುಗಿ. ಒಂದು ಉಸಿರಿಗೋಸ್ಕರ ಯಾಕೆ ಹಟ?"

"ಒಂದು ಉಸಿರಿಗೋಸ್ಕರವೇ ಅಲ್ವಾ ಮೇಡಂ ಜನ ಇಲ್ಲಿಗೆ ಬರೋದು?"

ಮೇಡಂ ಕೆಟ್ಟವರಲ್ಲ. ನೋಡಿಕೊಳ್ಳಬೇಕಾದ ಮಕ್ಕಳು ಕೈಬೆರಳಿಗಿಂತ ಬಹಳ ಹೆಚ್ಚು, ಓಡಾಡಬೇಕಾದ ಆಸ್ಪತ್ರೆಗಳು ಹಲವು. ಯೋಚನೆ ಮಾಡಿ ಎಂದು ಹೇಳಿ ಎದ್ದು ಹೋದರು.

ಆ ಸಂಜೆ ತಡಿಯಕ್ಕ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತೇ ಇದ್ದಳು. ಹಾಲು ಉಕ್ಕಿ ಚೆಲ್ಲಿತು. ಅತ್ತೆ ಬಟ್ಟೆ ಹಿಡಿದು ಬಂದರು. "ಊರ ಮಕ್ಕಳಿಗೆಲ್ಲ ತಡಿ ತಡಿ ಅಂತೀಯ. ಹಾಲಿಗೊಂದು ಹೇಳಕ್ಕಾಗಲ್ವಾ?" ವಿಷಯ ಕೇಳಿಕೊಂಡು ಒರೆಸುತ್ತಲೇ, "ನಾಳೆ ನಾನು ಮಲಗಿದ್ರೆ ಅವಳನ್ನ ನನ್ನ ಹತ್ರ ಬಿಡ್ತೀಯಾ?" ಎಂದರು.

"ಈಗಲೇ ಬಿಡಲ್ಲ."

"ಹಾಗಾದ್ರೆ ಸಹಿ ಹಾಕ್ಬೇಡ. ಹೋಗ್ಲಿ, ಹೀಗೆ ಮಾಡೋದು ತಪ್ಪು ಅಂತ ಅವಳಿಗೆ ಮೊದಲೇ ಹೇಳಿದ್ಯಾ?"

ಅಲ್ಲೇ ಮುಳ್ಳು ಚುಚ್ಚಿತು. ನಡುವೆ ಕೂರಿಸಿಕೊಂಡು ಹೇಳಬೇಕಾದ ಆ ದಿನ ಬಂದೇ ಇರಲಿಲ್ಲ. ಗಿಣಿ ತಾನಾಗಿ ಕೇಳಿದಾಗಲೆಲ್ಲ ಒಂದು ಆಂಬುಲೆನ್ಸ್ ಬಂದಿತ್ತು, ಒಬ್ಬ ನರ್ಸ್ ರಜೆ ಹಾಕಿದ್ದಳು. "ತಡಿ, ನಾಳೆ ಕೂತ್ಕೊಳ್ಳೋಣ." ಹೇಳದೆ ಫೇಲು ಮಾಡುವುದು ಬಲೆ ಬೀಸಿ ಹಕ್ಕಿ ಹಿಡಿದಂತೆ. ನೋಡದೆ ಪಾಸು ಮಾಡುವುದು ಅದಕ್ಕಿಂತ ದೊಡ್ಡ ಪಾಪ.

ಮರುದಿನ ಆಕೆ ಹೋದದ್ದು ನರ್ಸಿಂಗ್ ಸೂಪರಿಂಟೆಂಡೆಂಟರ ಕೋಣೆಗೆ. ಇನ್ನೆರಡು ವಾರ ಹುಡುಗಿ ತನ್ನ ಬಳಿಯೇ ಇರಲಿ. ದಿನಾ ಬೆಳಿಗ್ಗೆ ಅರ್ಧ ಗಂಟೆ ತನ್ನ ಕೆಲಸಕ್ಕೆ ಬೇರೆಯವರನ್ನು ಹಾಕಿದರೆ ತಾನು ಕಲಿಸುತ್ತೇನೆ ಎಂದಳು.

ಸೂಪರಿಂಟೆಂಡೆಂಟರು ನಕ್ಕರು. "ಅರ್ಧ ಗಂಟೆನಾ? ಎಲ್ಲಾದ್ರೂ ಸಿಕ್ಕಿದ್ರೆ ನಂಗೂ ಸ್ವಲ್ಪ ತಂದುಕೊಡಿ."

"ಆಗಲ್ಲ ಅಂದ್ರೆ ಫೇಲು ಅಂತ ಬರೀತೀನಿ ಮೇಡಂ. ಕಾರಣ, ಇವಳಿಗೆ ಇಲ್ಲಿ ಯಾರೂ ಕಲಿಸಲಿಲ್ಲ. ಕೆಳಗೆ ನನ್ನ ಸಹಿ ಇರುತ್ತೆ. ಪಕ್ಕದಲ್ಲಿ ನಿಮ್ಮದೂ ಬೇಕಾಗುತ್ತೆ."

ನಗು ಅಡಗಿತು. "ನೀವೂ ನಿಮ್ಮ ತಡಿಯೂ," ಎಂದು ಸೂಪರಿಂಟೆಂಡೆಂಟರು ಫೋನು ಎತ್ತಿಕೊಂಡು ಕಾಲೇಜಿಗೆ ಮಾತಾಡಿ ಎರಡು ವಾರ ಒಪ್ಪಿಸಿದರು.

ಗಿಣಿ ಮೊದಲ ದಿನ ಅತ್ತಳು. ಜೊತೆಯವರೆಲ್ಲ ಹೊರಟುಹೋಗಿದ್ದರು. ತಡಿಯಕ್ಕ ಸಮಾಧಾನ ಮಾಡಲಿಲ್ಲ. "ತಪ್ಪು ನಿಂದೂ ಇದೆ, ನಂದೂ ಇದೆ. ನಂದಕ್ಕೆ ಎರಡು ವಾರ ತಂದಿದೀನಿ. ನಿಂದಕ್ಕೆ ಕಣ್ಣೊರೆಸ್ಕೊಂಡು ಬಾ," ಎಂದಳಷ್ಟೇ.

ಕಂಡಕ್ಟರ್ ತಾನೇ ಕೈ ಚಾಚಿದ. "ನನ್ನ ಮೇಲೇ ಕಲಿ ಕಣಮ್ಮ. ಕೆಟ್ಟಿರೋದು ನನ್ನ ಉಸಿರೇ ತಾನೆ."

ತಡಿಯಕ್ಕ ತೋರಿಸಿಕೊಟ್ಟಳು. ಮಣಿಕಟ್ಟು ಹಿಡಿದು ನಾಡಿ ಎಣಿಸು. ಮುಗಿದ ಮೇಲೂ ಕೈ ಬಿಡಬೇಡ. ನಾಡಿಯನ್ನೇ ನೋಡುತ್ತಿದ್ದಾಳೆ ಎಂದು ಅವನು ನಂಬಿರಲಿ. ನಿನ್ನ ಕಣ್ಣು ಎದೆಯ ಮೇಲಿರಲಿ. "ಉಸಿರಿಗೆ ನಾಚಿಕೆ ಜಾಸ್ತಿ. ಯಾರೋ ನೋಡ್ತಿದಾರೆ ಅಂತ ಗೊತ್ತಾದ್ರೆ ವೇಷ ಹಾಕುತ್ತೆ. ಪೂರ್ತಿ ಒಂದು ನಿಮಿಷ. ಬಾಯಿಗೆ ಬೀಗ."

ಬಾಯಿಗೆ ಬೀಗವೇ ಗಿಣಿಗೆ ಕಷ್ಟವಾದದ್ದು. ಸುಮ್ಮನಿದ್ದರೆ ರೋಗಿಗೆ ಬೇಸರವಾಗುತ್ತದೆಂದು ಮಾತು ತೆಗೆಯುವಳು, ಲೆಕ್ಕ ಹಾರಿಹೋಗುವುದು. ಸುಮ್ಮನೆ ನಿಂತು ಒಬ್ಬ ಮನುಷ್ಯನನ್ನು ನೋಡುವುದನ್ನು ಅವಳಿಗೆ ಯಾರೂ ಕೆಲಸವೆಂದು ಹೇಳಿಕೊಟ್ಟಿರಲಿಲ್ಲ. ಕಂಡಕ್ಟರನೂ ತರಲೆ. ಬೇಕೆಂದೇ ಬುಸುಬುಸು ಉಸಿರಾಡಿ ಅವಳನ್ನು ಏಮಾರಿಸಲು ನೋಡುವನು. "ಟಿಕೆಟ್ ಇಲ್ದೆ ಹತ್ತಿದೀರಾ, ಇಳೀರಿ," ಎಂದು ಗಿಣಿ ಅವನ ಕೈ ಕೆಳಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುವಳು.

ಕೊನೆಯ ಬೆಳಿಗ್ಗೆ ಡಾಕ್ಟರ ಸುತ್ತು ಬೇಗ ಶುರುವಾಯಿತು. ಕಂಡಕ್ಟರನ ಮಂಚದ ಹತ್ತಿರ ಅವರು ಬಂದಾಗ ಗಿಣಿಯ ಕೈಯಲ್ಲಿ ಅವನ ಮಣಿಕಟ್ಟಿತ್ತು, ಎಣಿಕೆ ಅರ್ಧದಲ್ಲಿತ್ತು. ಅಷ್ಟರಲ್ಲಿ ಅವನಿಗೆ ಕೆಮ್ಮು ಬಂತು, ನಿಜವಾದ ಕೆಮ್ಮು.

"ಉಸಿರು ಎಷ್ಟಮ್ಮ?" ಡಾಕ್ಟರು ಕೇಳಿದರು.

"ಕೆಮ್ಮು ಬಂತು ಸಾರ್, ಲೆಕ್ಕ ತಪ್ಪಿತು."

"ಸುಮಾರು ಹೇಳು, ಸಾಕು."

ಹದಿನೆಂಟು ಅವಳ ನಾಲಗೆಯ ತುದಿಯಲ್ಲೇ ಕೂತಿತ್ತು. ಇಪ್ಪತ್ತು ಅಂದರೂ ಯಾರೂ ಕೇಳುತ್ತಿರಲಿಲ್ಲ. ಅವಳು ತಡಿಯಕ್ಕನ ಕಡೆ ನೋಡಿದಳು. ತಡಿಯಕ್ಕ ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

"ಸುಮಾರು ಬೇಡ ಸಾರ್," ಎಂದಳು ಗಿಣಿ. "ತಡೀರಿ."

ಇಡೀ ವಾರ್ಡು ನಕ್ಕಿತು. ಕಂಡಕ್ಟರ್, "ಮರಿ ತಡಿಯಕ್ಕ ರೆಡಿ," ಎಂದು ಬಾಯಿ ತೆರೆದ. "ಮಾತಾಡ್ಬೇಡಿ, ಎಣಿಸ್ತಿದೀನಿ," ಎಂದು ಗಿಣಿ ಗದರಿದಳು. ಡಾಕ್ಟರು ಬೇರೆ ದಾರಿ ಕಾಣದೆ ಕೈಕಟ್ಟಿ ನಿಂತರು. ಒಂದು ನಿಮಿಷ ಅಷ್ಟು ಉದ್ದವಿರುತ್ತದೆ ಎಂದು ಆ ವಾರ್ಡಿನ ಬಹಳ ಜನಕ್ಕೆ ಗೊತ್ತಿರಲಿಲ್ಲ.

"ಇಪ್ಪತ್ತೆರಡು."

ತಡಿಯಕ್ಕನೂ ಅಷ್ಟರಲ್ಲಿ ಇತ್ತ ತಿರುಗಿ, ಮಂಚದ ಕಾಲಿನ ಕಡೆ ನಿಂತು, ಹೊದಿಕೆ ಏರಿಳಿಯುವುದನ್ನು ನೋಡುತ್ತ ಎಣಿಸಿದ್ದಳು. ಅವಳಿಗೆ ಸಿಕ್ಕಿದ್ದು ಇಪ್ಪತ್ಮೂರು. ಮನುಷ್ಯನ ಉಸಿರಿಗೆ ಅಷ್ಟು ಸ್ವಾತಂತ್ರ್ಯ ಇದ್ದರೆ ಇರಲಿ. ಮಧ್ಯಾಹ್ನ ಔಷಧಿ ಗಾಡಿಯ ಮೇಲೆ ಒರಗಿಕೊಂಡು, ಕನ್ನಡಕ ಏರಿಸಿಕೊಂಡು, ಕಣ್ಣು ಬಿಟ್ಟೇ ಸಹಿ ಹಾಕಿದಳು. ಸಂಜೆ ಅತ್ತೆ ಕೇಳಿದರು, "ಈಗ ಬಿಡ್ತೀಯಾ ನನ್ನ ಹತ್ರ?"

"ಬಿಡ್ತೀನಿ. ಆದ್ರೆ ನೀವು ಮಾತಾಡಬಾರದು."

"ಹಾಗಾದ್ರೆ ನಾನು ಸಾಯೋದೇ ಮೇಲು," ಎಂದರು ಅತ್ತೆ, ಖುಷಿಯಾಗಿಯೇ.

ದಿನಕ್ಕೆ ಅರ್ಧ ಗಂಟೆ, ಎರಡು ವಾರ. ಅಷ್ಟರಲ್ಲಿ ಒಬ್ಬ ನರ್ಸ್ ತಯಾರಾದಳು. ಅದನ್ನು ಪಡೆಯಲು ಒಬ್ಬ ಹೆಂಗಸು ಮೇಲಿನವರನ್ನು ಹೆದರಿಸಬೇಕಾಯಿತು. ಎಲ್ಲ ವಾರ್ಡಿನಲ್ಲೂ ತಡಿಯಕ್ಕ ಇರುವುದಿಲ್ಲ. ಇರಬೇಕಾದ್ದೂ ಇಲ್ಲ, ಸಮಯ ಕೊಟ್ಟರೆ ಸಾಕು. ಆದ್ದರಿಂದ ಮುಂದಿನ ಸಲ ಕಲಿಯುವ ಹುಡುಗಿ ನಿಮ್ಮ ಮಂಚದ ಹತ್ತಿರ ಬಂದಾಗ, ಅವಳ ಹಿಂದೆ ದೊಡ್ಡವರು ನಿಂತಿದ್ದಾರೆಯೇ ನೋಡಿ. ನಿಂತಿದ್ದರೆ ಮುಖ ಸಡಿಲಿಸಿ ತೋಳು ಚಾಚಿ. ನಿಂತಿಲ್ಲದಿದ್ದರೆ ಅವಳನ್ನು ಬೈಯಬೇಡಿ. ಆಸ್ಪತ್ರೆಯ ಮುಖ್ಯಸ್ಥರ ಬಾಗಿಲು ತಟ್ಟಿ, ಇವಳಿಗೆ ಕಲಿಸುವವಳಿಗೆ ದಿನಕ್ಕೆ ಎಷ್ಟು ಹೊತ್ತು ಕೊಟ್ಟಿದ್ದೀರಿ ಎಂದು ಕೇಳಿ. "ಸುಮಾರು" ಎಂದು ಶುರುಮಾಡಿದರೆ ಒಪ್ಪಬೇಡಿ. ಸರಿಯಾದ ಉತ್ತರ ಬರುವವರೆಗೆ ಅಲ್ಲೇ ನಿಂತಿರಿ.